ಮಾತಿಗೆ ಕತ್ತರಿ ಬಿದ್ದಾಗ ಉಳಿದ ಹಾಡು

ನಮ್ಮ ಸಂಘದ ಕಾರ್ಯಕ್ರಮಗಳಿಗೆ ಒಂದು ಕ್ರಮ ತಾನಾಗಿಯೇ ಬೆಳೆದುಬಂದಿದೆ. ಪ್ರಾರ್ಥನೆ, ಸ್ವಾಗತ ಭಾಷಣ, ಮಕ್ಕಳ ನೃತ್ಯ, ಕಿರುನಾಟಕ, ವಂದನಾರ್ಪಣೆ, ಆಮೇಲೆ ಬಿಸಿಬೇಳೆಬಾತಿನ ಊಟ. ಊಟ ಮುಗಿದ ಮೇಲೆ ಹಿರಿಯರು ಕಾಫಿ ಹಿಡಿದು ಒಂದು ಮೂಲೆ ಸೇರುತ್ತಾರೆ. ಹುಡುಗರು ಕುರ್ಚಿಗಳನ್ನು ಗೋಡೆಗೆ ಸರಿಸಿ ಕುಣಿಯಲು ಜಾಗ ಮಾಡಿಕೊಳ್ಳುತ್ತಾರೆ. ಆಗ ಯಾರಾದರೊಬ್ಬರು ಹಾಕಿಯೇ ಹಾಕುವ ಹಾಡು ‘ಸೆಲೆಬ್ರೇಷನ್’. ಅಮೆರಿಕದ ‘ಕೂಲ್ ಅಂಡ್ ದಿ ಗ್ಯಾಂಗ್’ ತಂಡದವರು 1980ರಲ್ಲಿ ಹೊರತಂದ ಹಾಡು ಇದು. ಈ ಹಾಡಿಗೆ ಕಾಲು ಕುಣಿಸದ ಅನಿವಾಸಿ ಕನ್ನಡಿಗನಿಲ್ಲ ಎಂದರೆ ಅತಿಶಯೋಕ್ತಿಯಾಗಲಾರದು.

ಆ ರೆಕಾರ್ಡಿನ ನಿರ್ಮಾಪಕರು ಅಮೆರಿಕದವರಲ್ಲ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಅವರ ಹೆಸರು ಯೂಮಿರ್ ಡಿಯೊಡಾಟೊ. ಹುಟ್ಟಿದ್ದು 1942ರಲ್ಲಿ, ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿ. 1970ರ ದಶಕದ ಅಮೆರಿಕದ ಜಾಜ್-ಫಂಕ್ ಎಲ್.ಪಿ. ರೆಕಾರ್ಡುಗಳನ್ನು ಕೈಗೆತ್ತಿಕೊಂಡು, ರಟ್ಟಿನ ಹೊದಿಕೆಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಇಂಥ ಹೆಸರುಗಳು ಮತ್ತೆ ಮತ್ತೆ ಸಿಗುತ್ತವೆ: ಏರ್ತೊ ಮೊರೇರಾ, ಫ್ಲೋರಾ ಪುರಿಂ, ಮಿಲ್ಟನ್ ನಾಸಿಮೆಂಟೊ. ಇಷ್ಟು ಮಂದಿ ಬ್ರೆಜಿಲಿನವರು ಅದೇ ಹತ್ತು ವರ್ಷಗಳಲ್ಲಿ ಅಮೆರಿಕದ ಸ್ಟುಡಿಯೊಗಳಲ್ಲಿ ಹೇಗೆ ಕಾಣಿಸಿಕೊಂಡರು? ಅವರ ಊರಿನಲ್ಲಿ ಆಗ ಏನು ನಡೆಯುತ್ತಿತ್ತು? ಇದನ್ನು ತಿಳಿದ ಮೇಲೆ ಆ ರೆಕಾರ್ಡುಗಳು ಬೇರೆಯೇ ರೀತಿಯಲ್ಲಿ ಕೇಳಿಸುತ್ತವೆ ಎಂಬುದು ನಮ್ಮ ಅನುಭವ. ಆ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಲು ಯತ್ನಿಸಿದ್ದೇವೆ.

ಮೊದಲು ಬೇರಿನ ಮಾತು. ಬ್ರೆಜಿಲಿನ ಸಾಂಬಾ, ಅಮೆರಿಕದ ಜಾಜ್ ಮತ್ತು ಫಂಕ್ ಇವೆಲ್ಲಕ್ಕೂ ತಾಯಿಬೇರು ಆಫ್ರಿಕ. ಹಡಗುಗಳಲ್ಲಿ ತುಂಬಿ ಬ್ರೆಜಿಲಿಗೆ ತಂದಿಳಿಸಿದ ಗುಲಾಮರ ಸಂಖ್ಯೆಯೇ 40 ಲಕ್ಷಕ್ಕೂ ಹೆಚ್ಚು. ಅಮೆರಿಕ ಖಂಡಗಳಲ್ಲಿ ಗುಲಾಮಗಿರಿಯನ್ನು ಎಲ್ಲರಿಗಿಂತ ಕೊನೆಗೆ, 1888ರಲ್ಲಿ, ರದ್ದು ಮಾಡಿದ ದೇಶ ಅದು. ಉತ್ತರ ಅಮೆರಿಕದ ಹಲವು ಕಡೆ ದಂಗೆಯ ಭಯದಿಂದ ಗುಲಾಮರ ಡೋಲುಗಳನ್ನು ನಿಷೇಧಿಸಿದರು. ಬ್ರೆಜಿಲಿನಲ್ಲಿ ಡೋಲು ಉಳಿದುಕೊಂಡಿತು. ಹೀಗಾಗಿ ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಮನೆಗಳಲ್ಲಿ ಬೆಳೆದಂತಾಯಿತು.

ಈ ಎರಡು ಮನೆಗಳ ನಡೆಯಲ್ಲಿರುವ ವ್ಯತ್ಯಾಸ ನಮ್ಮ ತಾಳ ಬಲ್ಲವರಿಗೆ ಬೇಗ ತಿಳಿಯುತ್ತದೆ. ಫಂಕ್ ಸಂಗೀತಕ್ಕೆ ದಾರಿ ಹಾಕಿದ ಜೇಮ್ಸ್ ಬ್ರೌನ್ ತಮ್ಮ ವಾದ್ಯಗಾರರಿಂದ ಬಯಸುತ್ತಿದ್ದುದು ಒಂದನೆಯ ಪೆಟ್ಟನ್ನು. ಅವರ 1967ರ ‘ಕೋಲ್ಡ್ ಸ್ವೆಟ್’ ಕೇಳಿದರೆ, ಉಳಿದ ಪೆಟ್ಟುಗಳು ಎಲ್ಲಿ ಬೇಕಾದರೂ ಜಿಗಿಯಲಿ, ‘ಒಂದು’ ಬಂದಾಗ ಎಲ್ಲರೂ ಒಟ್ಟಿಗೆ ನೆಲಕ್ಕೆ ಕಾಲಿಡುತ್ತಾರೆ. ನಮ್ಮ ಸಮದಂತೆ. ಸಾಂಬಾ ಎರಡೆಣಿಕೆಯದು, ಅದರಲ್ಲಿ ‘ಸುರ್ದೊ’ ಎಂಬ ದೊಡ್ಡ ಡೋಲಿನ ಗಟ್ಟಿ ಪೆಟ್ಟು ಬೀಳುವುದು ಎರಡನೆಯ ಎಣಿಕೆಯ ಮೇಲೆ. ಮೇಲಿನ ಹಾಡಂತೂ ಅತೀತ, ಅನಾಗತಗಳಲ್ಲಿ ಆಡುತ್ತ, ಸಮವನ್ನು ಮುಟ್ಟಿಯೂ ಮುಟ್ಟದಂತೆ ಜಾರುತ್ತದೆ. ಒಂದರ ಮೇಲೆ ನಿಲ್ಲುವವರೂ ಎರಡರ ಮೇಲೆ ನಿಲ್ಲುವವರೂ ಒಂದೇ ಕೋಣೆಯಲ್ಲಿ ಕುಳಿತು ನುಡಿಸಿದಾಗ ಹುಟ್ಟಿದ್ದೇ ನಾವು ಹೇಳಹೊರಟಿರುವ ಸಂಗೀತ.

ಇನ್ನು ಇತಿಹಾಸ. 1958ರಲ್ಲಿ ಜೊವಾವ್ ಜಿಲ್ಬರ್ಟೊ ಎಂಬ ಗಾಯಕರು ರಿಯೊದಲ್ಲಿ ‘ಶೇಗಾ ಡಿ ಸೌದಾಡೆ’ ಎಂಬ ಹಾಡನ್ನು ರೆಕಾರ್ಡು ಮಾಡಿದರು. ಸಂಗೀತ ಟಾಮ್ ಜೋಬಿಂ ಅವರದು, ಸಾಹಿತ್ಯ ಕವಿ ವಿನಿಸಿಯುಸ್ ಡಿ ಮೊರಾಯಿಸ್ ಅವರದು. ಮರುವರ್ಷ ಅದೇ ಹೆಸರಿನ ಎಲ್.ಪಿ. ಬಂತು. ಬೀದಿ ತುಂಬ ಡೋಲು ಬಡಿಯುವ ಸಾಂಬಾವನ್ನು ಜಿಲ್ಬರ್ಟೊ ಒಂದೇ ಗಿಟಾರಿಗೆ ಇಳಿಸಿದ್ದರು. ಹೆಬ್ಬೆರಳು ದೊಡ್ಡ ಡೋಲಿನ ಕೆಲಸ ಮಾಡಿದರೆ ಉಳಿದ ಬೆರಳುಗಳು ಸಣ್ಣ ತಮಟೆಯ ಕೆಲಸ ಮಾಡುತ್ತಿದ್ದವು. ದನಿಯನ್ನೋ, ಪಕ್ಕದಲ್ಲಿ ಕುಳಿತವರಿಗೆ ಗುಟ್ಟು ಹೇಳುವಷ್ಟು ತಗ್ಗಿಸಿದರು. ಇದಕ್ಕೆ ‘ಬೊಸಾ ನೋವಾ’, ಎಂದರೆ ಹೊಸ ವರಸೆ, ಎಂದು ಹೆಸರಾಯಿತು. ‘ಸೌದಾಡೆ’ ಎಂಬ ಪೋರ್ಚುಗೀಸ್ ಪದಕ್ಕೆ ಹಂಬಲ, ಅಗಲಿಕೆಯ ನೋವು, ಹಳೆಯದರ ಸವಿನೆನಪು ಮೂರೂ ಬೆರೆತ ಅರ್ಥ. ಊರು ಬಿಟ್ಟು ಬಂದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

1963ರ ಮಾರ್ಚ್ ತಿಂಗಳಲ್ಲಿ ಜಿಲ್ಬರ್ಟೊ ಮತ್ತು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಜ್ ನ್ಯೂಯಾರ್ಕಿನಲ್ಲಿ ಒಟ್ಟಿಗೆ ನುಡಿಸಿದರು. ಆ ‘ಗೆಟ್ಜ್/ಜಿಲ್ಬರ್ಟೊ’ ಎಲ್.ಪಿ. 1964ರಲ್ಲಿ ಹೊರಬಂದು, 1965ರಲ್ಲಿ ವರ್ಷದ ಅತ್ಯುತ್ತಮ ಆಲ್ಬಂ ಎಂದು ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ‘ದಿ ಗರ್ಲ್ ಫ್ರಮ್ ಇಪನೀಮಾ’ ಹಾಡಿನ ಇಂಗ್ಲಿಷ್ ಭಾಗವನ್ನು ಹಾಡಿದವರು ಜಿಲ್ಬರ್ಟೊ ಅವರ ಪತ್ನಿ ಅಸ್ತ್ರುದ್. ಹೋಟೆಲುಗಳ ಲಿಫ್ಟಿನಲ್ಲಿ, ವಿಮಾನ ನಿಲ್ದಾಣಗಳಲ್ಲಿ ಈ ಹಾಡನ್ನು ಕೇಳದವರು ಯಾರು? ಸಮುದ್ರತೀರ, ಬಿಸಿಲು, ಸುಂದರಿ, ಇದೇ ಬ್ರೆಜಿಲ್ ಎಂದು ಜಗತ್ತು ನಂಬಿತು. ನಾವೂ ನಂಬಿದ್ದೆವು.

ಆದರೆ ಆ ಎಲ್.ಪಿ. ಹೊರಬಂದ 1964ರಲ್ಲಿಯೇ, ಮಾರ್ಚ್ 31ರ ರಾತ್ರಿ ಮತ್ತು ಏಪ್ರಿಲ್ 1ರ ನಡುವೆ, ಬ್ರೆಜಿಲಿನ ಸೈನ್ಯ ಚುನಾಯಿತ ಸರ್ಕಾರವನ್ನು ಕೆಳಗಿಳಿಸಿತು. ಸೈನ್ಯದ ಆಳ್ವಿಕೆ 1985ರವರೆಗೆ, 21 ವರ್ಷ ನಡೆಯಿತು. 1968ರ ಡಿಸೆಂಬರ್ 13ರಂದು ಹೊರಟ ಐದನೆಯ ಸಾಂಸ್ಥಿಕ ಆಜ್ಞೆ ಸಂಸತ್ತಿಗೆ ಬೀಗ ಹಾಕಿತು. ರಾಜಕೀಯ ಆಪಾದನೆ ಹೊತ್ತವರು ನ್ಯಾಯಾಲಯದ ಮೊರೆಹೋಗುವ ಹಕ್ಕನ್ನೂ ಕಸಿದುಕೊಂಡಿತು. ಪತ್ರಿಕೆ, ನಾಟಕ, ಸಿನಿಮಾ, ಹಾಡು ಎಲ್ಲಕ್ಕೂ ಕತ್ತರಿ ಬಿಗಿಯಾಯಿತು. ಹಾಡಿನ ಸಾಹಿತ್ಯವನ್ನು ಮೊದಲು ಸೆನ್ಸಾರ್ ಕಚೇರಿಗೆ ಕಳಿಸಬೇಕು. ಅಲ್ಲಿ ಮುದ್ರೆ ಬಿದ್ದರೆ ಹಾಡು, ಇಲ್ಲವಾದರೆ ಇಲ್ಲ.

ಇದರ ರುಚಿ ನಮ್ಮ ಪೀಳಿಗೆಯವರಿಗೂ ಸ್ವಲ್ಪ ಗೊತ್ತು. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗೆ ನಮ್ಮಲ್ಲಿ ತುರ್ತು ಪರಿಸ್ಥಿತಿ ಇತ್ತು. ಸರ್ಕಾರಕ್ಕೆ ಮಣಿಯದ ಕಿಶೋರ್ ಕುಮಾರ್ ಅವರ ಹಾಡುಗಳು ಆಕಾಶವಾಣಿಯಿಂದ ಮಾಯವಾದವು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ನಮ್ಮದು 21 ತಿಂಗಳು. ಅವರದು 21 ವರ್ಷ.

ಆಜ್ಞೆ ಹೊರಟು ಎರಡು ವಾರವಾಗಿತ್ತಷ್ಟೆ. ಡಿಸೆಂಬರ್ 27ರಂದು ಸಾವೊ ಪಾವ್ಲೊ ನಗರದಲ್ಲಿ ಜಿಲ್ಬರ್ಟೊ ಜಿಲ್ ಮತ್ತು ಕಾಯೆಟಾನೊ ವೆಲೋಸೊ ಎಂಬ ಇಬ್ಬರು ತರುಣ ಗಾಯಕರನ್ನು ಬಂಧಿಸಲಾಯಿತು. (ಈ ಜಿಲ್ ಬೇರೆ, ಮೇಲೆ ಹೇಳಿದ ಜೊವಾವ್ ಜಿಲ್ಬರ್ಟೊ ಬೇರೆ; ಓದುಗರು ಗೊಂದಲ ಮಾಡಿಕೊಳ್ಳಬಾರದು.) ಸಾಂಬಾ, ರಾಕ್, ಹಳ್ಳಿಯ ಹಾಡು ಎಲ್ಲವನ್ನೂ ಬೆರೆಸಿ ‘ಟ್ರೊಪಿಕಾಲಿಯಾ’ ಎಂಬ ಹೊಸ ಬಗೆಯನ್ನು ಹುಟ್ಟುಹಾಕಿದ್ದೇ ಅವರ ಅಪರಾಧ. ಸೆರೆವಾಸ, ಊರಿನಲ್ಲಿ ನಿರ್ಬಂಧ, ಕೊನೆಗೆ 1969ರಲ್ಲಿ ದೇಶ ಬಿಟ್ಟು ಲಂಡನ್ನಿಗೆ. ಇಬ್ಬರೂ ತವರಿಗೆ ಮರಳಿದ್ದು 1972ರಲ್ಲಿ.

ಹಾಗೆಂದು ಹೊರದೇಶಕ್ಕೆ ಹೋದ ಎಲ್ಲರೂ ಗಡಿಪಾರಾದವರೆಂದು ಹೇಳಿದರೆ ತಪ್ಪಾಗುತ್ತದೆ. ಡಿಯೊಡಾಟೊ 1967ರಲ್ಲಿ ನ್ಯೂಯಾರ್ಕಿಗೆ ಹೋದದ್ದು ಕೆಲಸಕ್ಕಾಗಿ, ನಮ್ಮಲ್ಲಿ ಬಹುಪಾಲು ಮಂದಿ ಬಂದಂತೆ. ಗಾಯಕಿ ಫ್ಲೋರಾ ಪುರಿಂ ಹೋದ ಬೆನ್ನಲ್ಲೇ ತಾಳವಾದ್ಯಗಾರ ಏರ್ತೊ ಮೊರೇರಾ ಕೂಡ ಅಮೆರಿಕ ಸೇರಿದರು. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಸೈನ್ಯದ ಆಳ್ವಿಕೆಯ ಕಠೋರ ವರ್ಷಗಳೇ ಬ್ರೆಜಿಲಿನಲ್ಲಿ ಮಧ್ಯಮ ವರ್ಗ ಬೆಳೆದ, ಮನೆಗಳಿಗೆ ಟಿ.ವಿ., ರೆಕಾರ್ಡ್ ಪ್ಲೇಯರ್ ಬಂದ ವರ್ಷಗಳು. ಸರ್ಕಾರ ಅದನ್ನು ‘ಆರ್ಥಿಕ ಪವಾಡ’ ಎಂದು ಡಂಗುರ ಹೊಡೆಯಿತು. ಹಾಡಿನ ಬಾಯಿ ಕಟ್ಟಿದ ಕಾಲದಲ್ಲೇ ಹಾಡಿನ ಮಾರುಕಟ್ಟೆಯೂ ಬೆಳೆಯಿತು. ಇತಿಹಾಸ ನಮ್ಮ ಅನುಕೂಲಕ್ಕೆ ತಕ್ಕಂತೆ ನೇರವಾಗಿ ನಡೆಯುವುದಿಲ್ಲ.

ಅಮೆರಿಕದಲ್ಲಿ ಆಗ ಜಾಜ್ ಸಂಗೀತಗಾರರು ಹೊಸ ದಾರಿ ಹುಡುಕುತ್ತಿದ್ದರು. ಕೇಳುಗರು ರಾಕ್, ಫಂಕ್‌ಗಳ ಕಡೆಗೆ ಹೋಗಿದ್ದರು. ಮೈಲ್ಸ್ ಡೇವಿಸ್ 1970ರಲ್ಲಿ ಏರ್ತೊ ಅವರನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. 1972ರಲ್ಲಿ ಚಿಕ್ ಕೊರಿಯಾ ಕಟ್ಟಿದ ‘ರಿಟರ್ನ್ ಟು ಫಾರೆವರ್’ ತಂಡದಲ್ಲಿ ಏರ್ತೊ ಡ್ರಮ್ಸ್‌ಗೆ ಕುಳಿತರೆ ಫ್ಲೋರಾ ಹಾಡಿದರು. ಡಿಯೊಡಾಟೊ ಅವರ ‘ಪ್ರಿಲ್ಯೂಡ್’ ಬಂದದ್ದು 1973ರಲ್ಲಿ. ಜರ್ಮನಿಯ ರಿಚರ್ಡ್ ಸ್ಟ್ರಾಸ್ 1896ರಲ್ಲಿ ರಚಿಸಿದ ಗಂಭೀರ ಕೃತಿಯೊಂದನ್ನು ಅವರು ಒಂಬತ್ತು ನಿಮಿಷದ ಫಂಕ್ ಮಾಡಿಬಿಟ್ಟರು! ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿ ಗ್ರ್ಯಾಮಿಯನ್ನೂ ಗಳಿಸಿತು. ಅದರಲ್ಲಿ ತಾಳವಾದ್ಯ ಏರ್ತೊ ಅವರದೇ.

ಅದೇ 1973ರ ಅಕ್ಟೋಬರಿನಲ್ಲಿ ಹರ್ಬಿ ಹ್ಯಾನ್ಕಾಕ್ ಅವರ ‘ಹೆಡ್ ಹಂಟರ್ಸ್’ ಬಂತು. ನಾಲ್ಕೇ ಹಾಡುಗಳ ಎಲ್.ಪಿ.; ಮೊದಲನೆಯ ‘ಕಮೀಲಿಯನ್’ ಒಂದೇ 15 ನಿಮಿಷ ದಾಟುತ್ತದೆ. ಎರಡನೆಯದರ ಮೊದಲಿಗೆ ಕೇಳಿಸುವ ಕೊಳಲಿನಂಥ ಸದ್ದು ಕೊಳಲಿನದಲ್ಲ. ಮಧ್ಯ ಆಫ್ರಿಕದ ಕಾಡಿನ ಜನರ ಊದುವ ರೀತಿಯನ್ನು ಅನುಕರಿಸಿ ಬಿಲ್ ಸಮ್ಮರ್ಸ್ ಬಿಯರ್ ಬಾಟಲಿಯನ್ನು ಊದಿದ್ದು! ಈ ಹ್ಯಾನ್ಕಾಕ್ 1968ರಲ್ಲಿ ಮಧುಚಂದ್ರಕ್ಕೆಂದು ಬ್ರೆಜಿಲಿಗೆ ಹೋಗಿದ್ದರು. ಅಲ್ಲಿ ಅವರಿಗೆ ಪರಿಚಯವಾದ ತರುಣ ಗಾಯಕರೇ ಮಿಲ್ಟನ್ ನಾಸಿಮೆಂಟೊ. ನಮ್ಮ ಲೇಖನದ ನಡುಗಂಬ ಇವರು.

ಮಿಲ್ಟನ್ 1942ರಲ್ಲಿ ರಿಯೊದಲ್ಲಿ ಹುಟ್ಟಿದ ಕಪ್ಪು ಹುಡುಗ. ಬಿಳಿಯ ದಂಪತಿಗಳು ದತ್ತು ತೆಗೆದುಕೊಂಡು, ಸಮುದ್ರವಿಲ್ಲದ ಗಣಿಗಳ ಸೀಮೆಯಾದ ಮಿನಾಸ್ ಜೆರೈಸ್ ರಾಜ್ಯದ ಟ್ರೆಸ್ ಪೊಂಟಾಸ್ ಎಂಬ ಸಣ್ಣ ಊರಿನಲ್ಲಿ ಬೆಳೆಸಿದರು. ಮುಂದೆ ಬೆಲೊ ಒರಿಜೊಂಟೆ ನಗರಕ್ಕೆ ಬಂದಾಗ, ಒಂದು ಬೀದಿಯ ಮೂಲೆಯಲ್ಲಿ ಗಿಟಾರ್ ಹಿಡಿದು ಕೂರುತ್ತಿದ್ದ ಗೆಳೆಯರ ಗುಂಪು ಕೂಡಿತು. ಆ ಗುಂಪಿನ ಎಳೆಯ ಲೊ ಬೊರ್ಜೆಸ್ ಜೊತೆ 1972ರಲ್ಲಿ ಹೊರತಂದ ಜೋಡಿ ಎಲ್.ಪಿ.ಯ ಹೆಸರೇ ‘ಕ್ಲುಬೆ ಡ ಎಸ್ಕಿನಾ’, ಎಂದರೆ ‘ಮೂಲೆಯ ಸಂಘ’. ನಮ್ಮೂರಿನ ಅರಳಿಕಟ್ಟೆಯ ಗುಂಪೇ ಒಂದು ಎಲ್.ಪಿ. ಮಾಡಿದಂತೆ ಎನ್ನಬಹುದು. ಹೊದಿಕೆಯ ಮೇಲೆ ಕೆಮ್ಮಣ್ಣಿನ ದಾರಿಯ ಬದಿಯಲ್ಲಿ ಕುಳಿತ ಇಬ್ಬರು ಹುಡುಗರು, ಒಬ್ಬ ಕಪ್ಪು, ಒಬ್ಬ ಬಿಳಿ. ಗಾಯಕರ ಹೆಸರೂ ಇಲ್ಲ, ಚಿತ್ರವೂ ಇಲ್ಲ.

ಸೆನ್ಸಾರನ್ನು ಆಗ ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಎದುರಿಸಿದರು. ಶಿಕೊ ಬುವಾರ್ಕೆ ಅವರದು ಶ್ಲೇಷೆಯ ದಾರಿ. 1970ರಲ್ಲಿ ಅವರು ಬರೆದ ‘ಅಪೆಸರ್ ಡಿ ವೊಸೆ’ ಹಾಡನ್ನು ಸೆನ್ಸಾರಿನವರು ಪ್ರೇಮಿಗಳ ಜಗಳವೆಂದು ತಿಳಿದು ಬಿಟ್ಟುಕೊಟ್ಟರು. ಅದರಲ್ಲಿನ ‘ನೀನು’ ಯಾರೆಂದು ಜನರಿಗೆ ಅರ್ಥವಾಗಿ, ಅದು ಊರೆಲ್ಲ ಹರಡಿದ ಮೇಲೆ ನಿಷೇಧ ಬಂತು. ಇನ್ನೊಂದು ಹಾಡು ‘ಕಾಲಿಸೆ’. ಬರೆದರೆ ಇಗರ್ಜಿಯ ಪೂಜೆಯ ಪಾತ್ರೆ ಎಂದರ್ಥ. ಬಾಯಿಬಿಟ್ಟು ಹೇಳಿದರೆ ‘ಬಾಯಿ ಮುಚ್ಚು’ ಎಂದು ಕೇಳಿಸುತ್ತದೆ. ನಮ್ಮ ಹಳಗನ್ನಡದ ಕವಿಗಳು ಮೆಚ್ಚಿ ತಲೆದೂಗುವಂಥ ಶ್ಲೇಷೆ! 1973ರ ಮೇ ತಿಂಗಳಲ್ಲಿ ಸಾವೊ ಪಾವ್ಲೊದ ವೇದಿಕೆಯೊಂದರಲ್ಲಿ ಶಿಕೊ ಮತ್ತು ಜಿಲ್ ಇದನ್ನು ಹಾಡಲು ಹೋದಾಗ ಮೈಕುಗಳನ್ನೇ ಬಂದ್ ಮಾಡಲಾಯಿತು. ಹಾಡು ರೆಕಾರ್ಡಾಗಿ ಹೊರಬರಲು 1978ರವರೆಗೆ ಕಾಯಬೇಕಾಯಿತು.

ಮಿಲ್ಟನ್ ಅವರದು ಬೇರೆಯ ದಾರಿ. 1973ರಲ್ಲಿ ಅವರು ‘ಮಿಲಾಗ್ರೆ ದೋಸ್ ಪೇಶೆಸ್’ ಎಂಬ ಎಲ್.ಪಿ. ಸಿದ್ಧಪಡಿಸಿದರು. ‘ಮಿಲಾಗ್ರೆ’ ಎಂಬ ಪದ ಮಂಗಳೂರಿನವರಿಗೆ ಹೊಸದಲ್ಲ. ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚಿನ ಹೆಸರಿನಲ್ಲಿರುವುದೂ ಅದೇ ಪೋರ್ಚುಗೀಸ್ ಪದ, ಪವಾಡ ಎಂದರ್ಥ. ಎಲ್.ಪಿ.ಯ ಹೆಸರಿನ ಅರ್ಥ ‘ಮೀನುಗಳ ಪವಾಡ’. ಇದರ ಮೂರು ಹಾಡುಗಳ ಸಾಹಿತ್ಯಕ್ಕೆ ಸೆನ್ಸಾರ್ ಕಚೇರಿ ಒಪ್ಪಿಗೆ ಕೊಡಲಿಲ್ಲ. ಮಾತು ಬದಲಿಸಬಹುದಿತ್ತು, ಆ ಹಾಡುಗಳನ್ನೇ ಕೈಬಿಡಬಹುದಿತ್ತು. ಮಿಲ್ಟನ್ ಎರಡನ್ನೂ ಮಾಡಲಿಲ್ಲ. ಮಾತುಗಳಿದ್ದ ಜಾಗದಲ್ಲಿ ಮಾತಿಲ್ಲದೆಯೇ ಹಾಡಿದರು. ಬರೀ ಸ್ವರ, ನಿಟ್ಟುಸಿರು, ಕೂಗು. ಅವರ ಕಂಠವೋ, ಗಂಡುದನಿಯಿಂದ ಹೊರಟು ಹೆಣ್ಣುದನಿಯ ಎತ್ತರಕ್ಕೆ ಸಲೀಸಾಗಿ ಏರುವಂಥದು. ಅದರ ಸುತ್ತ ನಾನಾ ವಾಸ್ಕೊನ್ಸೆಲೊಸ್ ಅವರ ತಾಳವಾದ್ಯಗಳು ಕಾಡಿನ ಸದ್ದುಗಳಂತೆ ಗುಂಯ್‌ಗುಡುತ್ತವೆ.

ಇದನ್ನು ಮೊದಲ ಸಲ ಕೇಳಿದಾಗ ನಮಗೆ ಹೊಸದೇನೂ ಅನ್ನಿಸಲಿಲ್ಲ. ಆಲಾಪನೆ ಕೇಳಿ ಬೆಳೆದ ಕಿವಿಗೆ ಮಾತಿಲ್ಲದ ಹಾಡು ಅಚ್ಚರಿಯಲ್ಲ. ಗಂಟೆಗಟ್ಟಲೆ ಒಂದು ಪದವೂ ಇಲ್ಲದ ತೋಡಿಯನ್ನು ನಮ್ಮವರು ಹಾಡಿಲ್ಲವೇ? ಆದರೆ ಕಥೆ ತಿಳಿದು ಎರಡನೆಯ ಸಲ ಕೇಳಿದಾಗ ವ್ಯತ್ಯಾಸ ಹೊಳೆಯಿತು. ಆಲಾಪನೆಯಲ್ಲಿ ಸಾಹಿತ್ಯ ಮೊದಲಿನಿಂದಲೂ ಇಲ್ಲ, ಅದು ಬೇಕಾಗಿಯೂ ಇಲ್ಲ. ಇಲ್ಲಿ ಸಾಹಿತ್ಯವಿತ್ತು, ಯಾರೋ ಕಿತ್ತುಕೊಂಡರು. ಹಲ್ಲು ಬಿದ್ದ ಜಾಗವನ್ನು ನಾಲಿಗೆ ಮತ್ತೆ ಮತ್ತೆ ಮುಟ್ಟಿ ನೋಡುವಂತೆ, ಆ ದನಿ ಇಲ್ಲದ ಮಾತಿನ ಜಾಗವನ್ನು ಮುಟ್ಟುತ್ತ ಹೋಗುತ್ತದೆ. ಅಂದಿನ ಬ್ರೆಜಿಲಿನ ಕೇಳುಗರಿಗೆ ಇದು ಬಿಡಿಸಿ ಹೇಳುವ ವಿಷಯವಾಗಿರಲಿಲ್ಲ. ಮಾತು ಎಲ್ಲಿ ಹೋಯಿತೆಂಬುದು ಎಲ್ಲರಿಗೂ ಗೊತ್ತಿತ್ತು.

ಪವಾಡ ಅಲ್ಲಿಗೆ ನಿಲ್ಲಲಿಲ್ಲ. 1974ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ವೇಯ್ನ್ ಶಾರ್ಟರ್ ಮಿಲ್ಟನ್ ಅವರನ್ನು ಕರೆಸಿಕೊಂಡು ‘ನೇಟಿವ್ ಡ್ಯಾನ್ಸರ್’ ರೆಕಾರ್ಡು ಮಾಡಿದರು; ಅದು ಹೊರಬಂದದ್ದು 1975ರಲ್ಲಿ. ಪಿಯಾನೊಗೆ ಹ್ಯಾನ್ಕಾಕ್, ತಾಳಕ್ಕೆ ಏರ್ತೊ. ಒಂಬತ್ತು ರಚನೆಗಳಲ್ಲಿ ಐದು ಮಿಲ್ಟನ್ ಅವರವು. ಕತ್ತರಿಗೆ ಸಿಕ್ಕಿದ ಆ ಎಲ್.ಪಿ.ಯ ಶೀರ್ಷಿಕೆ ಗೀತೆಯೂ ಅವುಗಳಲ್ಲೊಂದು. ಮೊದಲ ಹಾಡು ‘ಪೊಂಟಾ ಡಿ ಅರೆಯಾ’. ಮಿನಾಸ್‌ನ ಒಳನಾಡನ್ನು ಕಡಲಿಗೆ ಕೂಡಿಸುತ್ತಿದ್ದ ರೈಲುದಾರಿಯೊಂದನ್ನು ಸರ್ಕಾರ 1966ರಲ್ಲಿ ಮುಚ್ಚಿತು. ಆ ದಾರಿಯ ಕೊನೆಯ ನಿಲ್ದಾಣದ ಹೆಸರು ಅದು. ರೈಲಿಲ್ಲದ ಊರುಗಳ ಹಾಡನ್ನು, ಪೋರ್ಚುಗೀಸ್ ಬಾರದ ಅಮೆರಿಕದವರು ಮನಸೋತು ಕೇಳಿದರು. 1977ರಲ್ಲಿ ‘ಅರ್ತ್, ವಿಂಡ್ ಅಂಡ್ ಫೈರ್’ ಎಂಬ ಹೆಸರಾಂತ ಫಂಕ್ ತಂಡ ಅದರ ಒಂದು ತುಣುಕನ್ನು ತಮ್ಮ ‘ಆಲ್ ಎನ್ ಆಲ್’ ಎಲ್.ಪಿ.ಗೆ ಸೇರಿಸಿಕೊಂಡಿತು. ಅದರ ವಾದ್ಯಸಂಯೋಜನೆಯಲ್ಲಿ ಕೈಯಿಟ್ಟವರಲ್ಲಿ ಒಬ್ಬರು ನಮ್ಮ ‘ಸೆಲೆಬ್ರೇಷನ್’ನ ಡಿಯೊಡಾಟೊ! ಮೂರೇ ವರ್ಷದಲ್ಲಿ ಅವರು ನಮ್ಮನ್ನೆಲ್ಲ ಕುಣಿಸಿದ ಆ ಹಾಡಿಗೆ ಬಂದರು.

ಕಾಲ ಬದಲಾಯಿತು. ಐದನೆಯ ಆಜ್ಞೆ 1978ರ ಕೊನೆಗೆ ಮುಗಿಯಿತು. 1979ರ ಆಗಸ್ಟಿನಲ್ಲಿ ಕ್ಷಮಾದಾನದ ಕಾನೂನು ಬಂದು ಗಡಿಪಾರಾದವರು ಹಿಂತಿರುಗತೊಡಗಿದರು. ಅದೇ 1979ರಲ್ಲಿ ರಿಯೊದ ‘ಅಜಿಮುತ್’ ಎಂಬ ಮೂವರ ತಂಡ ತಂದ ‘ಲೈಟ್ ಆಸ್ ಎ ಫೆದರ್’ ಎಲ್.ಪಿ.ಯ ‘ಜಾಜ್ ಕಾರ್ನಿವಲ್’ ಎಂಬ ಹಾಡು 1980ರಲ್ಲಿ ಬ್ರಿಟನ್ನಿನ ಮೊದಲ ಇಪ್ಪತ್ತರೊಳಗೆ ಸೇರಿತು. ಅದರಲ್ಲಿ ಕುಣಿತವೇ ಕುಣಿತ. 1985ರಲ್ಲಿ ಸೈನ್ಯ ಅಧಿಕಾರ ಬಿಟ್ಟಿತು. ಒಮ್ಮೆ ಸೆರೆಯಲ್ಲಿದ್ದ ಜಿಲ್ 2003ರಲ್ಲಿ ಅದೇ ದೇಶದ ಸಂಸ್ಕೃತಿ ಸಚಿವರಾದರು. ಸತ್ಯಶೋಧನೆಗೆಂದು ನೇಮಿಸಿದ ರಾಷ್ಟ್ರೀಯ ಆಯೋಗ 2014ರಲ್ಲಿ ವರದಿ ಕೊಟ್ಟಾಗ, ಕೊಲೆಯಾದವರು ಮತ್ತು ಕಾಣೆಯಾದವರ ಪಟ್ಟಿಯಲ್ಲಿ 434 ಹೆಸರುಗಳಿದ್ದವು. ಮಿಲ್ಟನ್ 2022ರ ನವೆಂಬರಿನಲ್ಲಿ ಬೆಲೊ ಒರಿಜೊಂಟೆಯ ಫುಟ್‌ಬಾಲ್ ಮೈದಾನದಲ್ಲಿ ಕೊನೆಯ ಕಚೇರಿ ಕೊಟ್ಟು ವೇದಿಕೆಯಿಂದ ನಿವೃತ್ತರಾದರು.

ಆಸಕ್ತರಿಗೆ ನಮ್ಮ ಸಲಹೆ ಇಷ್ಟು. ಈ ಹಾಡುಗಳೆಲ್ಲ ಈಗ ಫೋನಿನಲ್ಲೇ ಸಿಗುತ್ತವೆ. ಆದರೆ ಬಿಡಿಬಿಡಿಯಾಗಿ ಕೇಳಬೇಡಿ. ಒಂದು ಬದಿಗೆ ಸುಮಾರು ಇಪ್ಪತ್ತು ನಿಮಿಷ ಎಂಬ ಅಳತೆಗೆ ಜೋಡಿಸಿದ ಮಾಲೆಗಳು ಅವು. ‘ಗೆಟ್ಜ್/ಜಿಲ್ಬರ್ಟೊ’, ‘ಕ್ಲುಬೆ ಡ ಎಸ್ಕಿನಾ’, ‘ಹೆಡ್ ಹಂಟರ್ಸ್’, ‘ಮಿಲಾಗ್ರೆ ದೋಸ್ ಪೇಶೆಸ್’, ‘ನೇಟಿವ್ ಡ್ಯಾನ್ಸರ್’. ಇದೇ ಕ್ರಮದಲ್ಲಿ, ವಾರಕ್ಕೊಂದರಂತೆ, ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಕುಳಿತು ಕೇಳಿ. ಮೊದಲನೆಯದರ ಬಿಸಿಲು ನಾಲ್ಕನೆಯದನ್ನು ಕೇಳುವ ಹೊತ್ತಿಗೆ ಎಷ್ಟು ದೂರವಾಗಿರುತ್ತದೆಂಬುದು ತಾನಾಗಿಯೇ ತಿಳಿಯುತ್ತದೆ.

ಕೊನೆಯದಾಗಿ ನಮ್ಮ ಮನೆಯ ಒಂದು ಮಾತು. ನಮ್ಮ ಮಕ್ಕಳು ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ದೇವರನಾಮ, ಭಾವಗೀತೆಗಳನ್ನು ಸೊಗಸಾಗಿ ಹಾಡುತ್ತಾರೆ. ಕೈಯಲ್ಲಿರುವ ಚೀಟಿಯಲ್ಲಿ ಸಾಹಿತ್ಯವಿರುವುದು ಇಂಗ್ಲಿಷ್ ಲಿಪಿಯಲ್ಲಿ. ಶ್ರುತಿ ಸರಿ, ತಾಳ ಸರಿ. ಅರ್ಥ ಕೇಳಿದರೆ ಅಪ್ಪ ಅಮ್ಮನ ಮುಖ ನೋಡುತ್ತಾರೆ. ನಾವು ಚಪ್ಪಾಳೆ ತಟ್ಟಿ ಊಟಕ್ಕೆ ಏಳುತ್ತೇವೆ. ಮಿಲ್ಟನ್ ಅವರ ಹಾಡಿನಿಂದ ಮಾತನ್ನು ಕಿತ್ತವರು ಸೈನ್ಯದವರು, ಮತ್ತು ಮಾತು ಅಲ್ಲಿತ್ತೆಂಬುದನ್ನು ಮರೆಯಲು ಮಿಲ್ಟನ್ ಯಾರನ್ನೂ ಬಿಡಲಿಲ್ಲ. ನಮ್ಮ ಹಾಡುಗಳಿಂದ ಮಾತು ಜಾರಿಹೋಗಲು ಯಾವ ಸೈನ್ಯವೂ ಬೇಕಾಗಿಲ್ಲ. ನಮ್ಮ ಪುರುಸೊತ್ತಿಲ್ಲದ ಭಾನುವಾರಗಳೇ ಸಾಕು. ರಾಗ ಉಳಿದಿದೆಯೆಂಬ ಸಮಾಧಾನ ಸುಳ್ಳಲ್ಲ. ಅದು ಮಾತಿಗಾಗಿ ಕಾದಿಟ್ಟ ಜಾಗ. ಮುಂದಿನ ಸಲ ತಾಲೀಮಿಗೆ ಮಕ್ಕಳನ್ನು ಕರೆತಂದಾಗ, ಹಾಡು ಕಲಿಸುವ ಮೊದಲು ಹತ್ತು ನಿಮಿಷ ಅದರ ಅರ್ಥ ಹೇಳೋಣ. ಆಮೇಲೆ ಊಟ, ಅದಾದ ಮೇಲೆ ‘ಸೆಲೆಬ್ರೇಷನ್’ ಇದ್ದೇ ಇದೆ.